13ನೇ ಸಾಲಿನ ರಗಳೆ: ಮೈಕ್ರೋಟ್ಯೂಬುಲ್ ಕೊನೆಗೂ ಮುಚ್ಚಿತು

ಕೊಳವೆ ಮುಚ್ಚಿತು! ಮೈಕ್ರೋಟ್ಯೂಬುಲ್ ಅಂದರೆ ಜೀವಕೋಶದೊಳಗಿನ ಪುಟ್ಟ ಪ್ರೋಟೀನ್ ಕೊಳವೆ. 1 ನ್ಯಾನೋಮೀಟರ್‌ಗೆ 5 ಮಿಲಿಮೀಟರ್ ಲೆಕ್ಕದಲ್ಲಿ ಮಾಡಿದ ಅದರ ಮಾದರಿ ಈಗ ಮೇಜಿನ ಮೇಲೆ ತಾನೇ ನಿಂತಿದೆ. ಅಗಲ 12.5 ಸೆಂಟಿಮೀಟರ್. ತುಂಡುಗಳನ್ನು 3D ಪ್ರಿಂಟ್ ತೆಗೆದದ್ದು, ಉಜ್ಜಿದ್ದು ಎಲ್ಲ ನಿಮಗೆ ಗೊತ್ತಿದ್ದದ್ದೇ, ಬಿಡಿ. ಕೊಳವೆಯ ಇಟ್ಟಿಗೆಗಳು ಟ್ಯೂಬ್ಯುಲಿನ್ ಎಂಬ ಪ್ರೋಟೀನ್: ಆಲ್ಫಾ ಟ್ಯೂಬ್ಯುಲಿನ್ ಹಸಿರು, ಬೀಟಾ ನೀಲಿ. ಇವೆರಡೂ ಒಂದಾದ ಮೇಲೊಂದು ಕೂತರೆ ಒಂದು ಉದ್ದ ಸಾಲು, ಅಂಥ 13 ಸಾಲು ಸುತ್ತ ನಿಂತರೆ ಕೊಳವೆ.

ಆಲ್ಫಾ ಪಕ್ಕ ಆಲ್ಫಾ, ಬೀಟಾ ಪಕ್ಕ ಬೀಟಾ ಮಾತ್ರ ಅಂಟುವ ಹಾಗೆ ಮ್ಯಾಗ್ನೆಟ್ ಕೂರಿಸಿದ್ದೆ. 12 ಕಡೆ ಸೊಗಸಾಗಿ ಅಂಟಿತು. 13ನೇ ಸಾಲನ್ನು ಮೊದಲನೆಯದಕ್ಕೆ ಸೇರಿಸಲು ಹೋದರೆ ಮಾತ್ರ ಚಿಮ್ಮಿ ಓಡುತ್ತಿತ್ತು. ಮ್ಯಾಗ್ನೆಟ್ ಮಾರಿದವನಿಗೆ ಮನಸಾರೆ ಬೈದೆ. ಬೈಯಲು ಕಾರಣವೂ ಇತ್ತು: ಧ್ರುವದ ಗುರುತಿಲ್ಲ, ಒಂದೇ ಪೊಟ್ಟಣದಲ್ಲಿ ಎರಡು ದಪ್ಪದವು. ಕೇಳಿದರೆ, "ಮ್ಯಾಗ್ನೆಟ್ ಅಂದ್ಮೇಲೆ ಅಂಟುತ್ತೆ ಸಾರ್" ಅಂತ ಉತ್ತರ.

ಆದರೆ ಈ ಕಾಟ ಮ್ಯಾಗ್ನೆಟ್‌ನದ್ದಲ್ಲ. ಪ್ರತಿ ಸಾಲೂ ಪಕ್ಕದ್ದಕ್ಕಿಂತ ಸುಮಾರು 0.92 ನ್ಯಾನೋಮೀಟರ್ ಸರಿದು ಕೂರುತ್ತದೆ. ಒಂದು ಸುತ್ತು ಮುಗಿಯುವಾಗ 12 ನ್ಯಾನೋಮೀಟರ್, ಅಂದರೆ 3 ಮೊನೊಮರ್ (ಒಂಟಿ ಆಲ್ಫಾ ಅಥವಾ ಬೀಟಾ) ಎತ್ತರ ಏರಿರುತ್ತೇವೆ. 3 ಬೆಸ ಸಂಖ್ಯೆ, ಅಲ್ವಾ? ಹಾಗಾಗಿ ಆ ಒಂದು ಜಾಗದಲ್ಲಿ ಆಲ್ಫಾ ಪಕ್ಕ ಬೀಟಾ ಬಂದೇ ಬರುತ್ತದೆ, ಗುಂಡಿ ತಪ್ಪಿ ಹಾಕಿದ ಅಂಗಿಯ ಹಾಗೆ. ನಿಜವಾದ ಕೊಳವೆಯಲ್ಲೂ ಈ ಹೊಲಿಗೆ ಇದೆ.

ಸರಿ, ಪಕ್ಕದ ಮ್ಯಾಗ್ನೆಟ್‌ಗಳನ್ನೆಲ್ಲ ಕಿತ್ತು, ಆಲ್ಫಾ ಬೀಟಾ ಎರಡಕ್ಕೂ ಒಂದೇ ಥರ ಕೂರಿಸಿದೆ. ಈಗ ಬೇರೆ ತಲೆನೋವು. ಯಾವುದು ಯಾವುದಕ್ಕೆ ಬೇಕಾದರೂ ಅಂಟುತ್ತದೆ. 14 ಸಾಲಿನ ಕೊಳವೆಯೂ ಆರಾಮಾಗಿ ಮುಚ್ಚುತ್ತದೆ! ಪ್ರಯೋಗನಾಳದಲ್ಲಿ ಬರೀ ಟ್ಯೂಬ್ಯುಲಿನ್ ಬಿಟ್ಟರೆ ಅದೂ ಹೀಗೇ ಮಾಡುತ್ತದೆ, 14 ಸಾಲಿನವು ಬೇಕಾದಷ್ಟು ಸಿಗುತ್ತವೆ.

ದಾರಿ ತೋರಿಸಿದ್ದು ಡಬಲ್‌ಕಾರ್ಟಿನ್. ಬೆಳೆಯುವ, ಜಾಗ ಹುಡುಕಿ ಸಾಗುವ ಎಳೆ ನರಕೋಶಗಳ ಪ್ರೋಟೀನ್ ಇದು. ಇದರ ಜೀನ್ ಕೆಟ್ಟರೆ ನರಕೋಶಗಳು ಸೇರಬೇಕಾದ ಪದರ ಸೇರದೆ ಅರ್ಧದಲ್ಲೇ ನಿಲ್ಲುತ್ತವೆ. ನಾಲ್ಕು ಡೈಮರ್ (ಆಲ್ಫಾ-ಬೀಟಾ ಜೋಡಿ) ಸೇರುವ ಮೂಲೆಯಲ್ಲಿ ಕೂತು ಪಕ್ಕದ ಸಾಲುಗಳನ್ನು ಹಿಡಿಯುತ್ತದೆ, 13 ಸಾಲಿನ ಕೊಳವೆಯನ್ನೇ ಮೆಚ್ಚುತ್ತದೆ. ಅದರಂತೆ ಒಂದು ಪುಟ್ಟ ಕ್ಲಿಪ್ ಮಾಡಿದೆ. 13 ಸಾಲಿಗೆ ಪಕ್ಕದ ಸಾಲುಗಳ ನಡುವಿನ ಕೋನ 27.7 ಡಿಗ್ರಿ, 14ಕ್ಕೆ 25.7. ಬರೀ 2 ಡಿಗ್ರಿ ವ್ಯತ್ಯಾಸ, ಆದರೂ 14ನೇ ಸಾಲಿಗೆ ಜಾಗವೇ ಉಳಿಯಲಿಲ್ಲ. ಹೊಲಿಗೆಯ ಮೇಲೆ ಮಾತ್ರ ಕ್ಲಿಪ್ ಕೂರುವುದಿಲ್ಲ, ಅಲ್ಲಿ ಮೂಲೆಗಳೇ ಹೊಂದುವುದಿಲ್ಲ. ನಿಜವಾದ ಡಬಲ್‌ಕಾರ್ಟಿನ್ ಕೂಡ ಅಲ್ಲಿ ಕೂರುವುದಿಲ್ಲ. ಇದನ್ನು ನೋಡಿ ಕುಣಿಯುವುದೊಂದು ಬಾಕಿ.

ಕೊಳವೆಗೆ ಅಂಟುವ ಇನ್ನೊಂದು ಪ್ರೋಟೀನ್ ಟಾವ್ ಸುಲಭ, ಸಾಲಿನ ಉದ್ದಕ್ಕೆ ಒಂದು ರಿಬ್ಬನ್ ಎಳೆದರಾಯಿತು. ನನಗೆ ಈಗ ಸ್ಟ್ಯಾತ್ಮಿನ್ ಎಂಬ ಪ್ರೋಟೀನಿನ ಹುಚ್ಚು ಹಿಡಿದಿದೆ. ಎರಡು ಡೈಮರ್‌ಗಳನ್ನು ತಬ್ಬಿಕೊಂಡು ಕೊಳವೆಗೆ ಸೇರದಂತೆ ತಡೆಯುತ್ತದೆ ಪುಣ್ಯಾತ್ಮ! ಆಕ್ಸಾನ್ (ನರಕೋಶದ ಉದ್ದನೆಯ ಎಳೆ) ಬೆಳೆಯಬೇಕಾದ ಕಡೆ ಇದಕ್ಕೆ ಫಾಸ್ಫೇಟ್ ಅಂಟಿಸಿದರೆ ಹಿಡಿತ ಸಡಿಲ. ಅದರ ಮಾದರಿಗೆ ಬಾಗುವ ಫಿಲಮೆಂಟ್ (ಪ್ರಿಂಟರ್‌ಗೆ ಹಾಕುವ ಪ್ಲಾಸ್ಟಿಕ್ ದಾರ) ಬೇಕು. ಆರ್ಡರ್ ಮಾಡಿದ್ದು ಅದನ್ನೇ, ಬಂದದ್ದು ಕಡ್ಡಿಯಂಥದ್ದು. ಸದ್ಯಕ್ಕೆ ವಾಪಸ್ ಕಳಿಸುವ ಫಾರಂ ತುಂಬುತ್ತಿದ್ದೇನೆ.