ಆ ಪುಸ್ತಕ ಯಾಕೆ ತಲೆಗೆ ಹತ್ತುತ್ತಿಲ್ಲ ಅಕ್ಕೋರೆ?

ಶಿರಸಿ ಪೇಟೆಯಲ್ಲಿ ತರಕಾರಿ ಆರಿಸುತ್ತಿದ್ದಾಗ ಸಿಕ್ಕ ಹಳೆಯ ವಿದ್ಯಾರ್ಥಿ ಕೇಳುತ್ತಾನೆ. ಅಂಕೋಲೆಯಿಂದ ಫೋನ್ ಮಾಡಿದ ಹುಡುಗಿ ಕೇಳುತ್ತಾಳೆ. ಮದುವೆಮನೆಯ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತವರೂ ಕೇಳಿದ್ದಾರೆ. "ಅಷ್ಟೆಲ್ಲ ಹೊಗಳ್ತಾರಲ್ಲ ಅಕ್ಕೋರೆ, ನನಗೆ ಐವತ್ತು ಪುಟ ದಾಟೋಕೇ ಆಗ್ತಿಲ್ಲ. ನೀವು ಹೇಗೆ ಓದಿದ್ರಿ?"

ಪುಸ್ತಕದ ಹೆಸರು ಹೇಳುವ ಮೊದಲೇ ನನಗೆ ಗೊತ್ತಾಗಿರುತ್ತದೆ. ಗೇಬ್ರಿಯಲ್ ಗಾರ್ಸಿಯಾ ಮಾರ್ಕ್ವೆಜ್ ಬರೆದ 'ಒನ್ ಹಂಡ್ರೆಡ್ ಇಯರ್ಸ್ ಆಫ್ ಸಾಲಿಟ್ಯೂಡ್'. ಸ್ಪ್ಯಾನಿಷ್‌ನಲ್ಲಿ 1967ರಲ್ಲಿ ಬಂತು. ಗ್ರೆಗರಿ ರಬಾಸಾ 1970ರಲ್ಲಿ ಇಂಗ್ಲಿಷಿಗೆ ತಂದರು. ಕನ್ನಡದಲ್ಲೂ ಇದೆ. 2024ರ ಡಿಸೆಂಬರ್‌ನಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಧಾರಾವಾಹಿಯಾಗಿ ಬಂದ ಮೇಲೆ ಕೇಳುವವರು ಇನ್ನೂ ಜಾಸ್ತಿಯಾದರು. ಕೇಳುವಾಗ ಅವರ ದನಿ ಸಣ್ಣಗಾಗುತ್ತದೆ, ತಮ್ಮಲ್ಲೇ ಏನೋ ಕೊರತೆ ಇದೆ ಅನ್ನುವ ಹಾಗೆ. ಅದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಹಾಗಾಗಿ ಒಮ್ಮೆ ಪೂರ್ತಿ ಉತ್ತರ ಬರೆಯುತ್ತಿದ್ದೇನೆ.

ನಾನೂ ಎರಡು ಸಲ ಬಿಟ್ಟಿದ್ದೆ. ಮೊದಲ ಸಲ ಬಸ್ಸಿನಲ್ಲಿ. ಆಗ ನನಗೆ ಕುಮಟಾದಲ್ಲಿ ಕೆಲಸ. ದಿನಾ ದೇವಿಮನೆ ಘಟ್ಟ ಇಳಿದು ಹತ್ತುವುದು. ಧಾರವಾಡದಲ್ಲಿ ಹಳೆ ಪುಸ್ತಕದವನ ಹತ್ತಿರ ತಂದ ಪ್ರತಿ ಚೀಲದಲ್ಲಿರುತ್ತಿತ್ತು. ಘಟ್ಟದ ತಿರುವಿನಲ್ಲಿ ಒಮ್ಮೆ ತಲೆ ಎತ್ತಿದರೆ ಸಾಕು, ಬಿಟ್ಟ ಸಾಲು ಮತ್ತೆ ಸಿಗುತ್ತಿರಲಿಲ್ಲ. ಉದ್ದುದ್ದ ಪ್ಯಾರಾ, ಮಾತುಕತೆ ಕಡಿಮೆ. ಇಪ್ಪತ್ತು ಅಧ್ಯಾಯಗಳಿವೆ, ಒಂದಕ್ಕೂ ಹೆಸರಿಲ್ಲ, ಸಂಖ್ಯೆಯೂ ಇಲ್ಲ. ತಿಂಗಳೊಳಗೆ ಕೈಬಿಟ್ಟೆ.

ಎರಡನೆಯ ಸಲ ಹಟ ಹಿಡಿದು ಕೂತೆ. ಬುಯೆಂದಿಯಾ ಅನ್ನುವ ಒಂದೇ ಮನೆತನದ ಏಳು ತಲೆಮಾರಿನ ಕತೆ ಇದು. ಗಂಡುಮಕ್ಕಳಿಗೆಲ್ಲ ಸುತ್ತಿ ಸುತ್ತಿ ಅವೇ ಎರಡು ಹೆಸರು, ಹೊಸೆ ಅರ್ಕಾದಿಯೊ, ಔರೇಲಿಯಾನೊ. ಕರ್ನಲ್ ಔರೇಲಿಯಾನೊಗೆ ಹದಿನೇಳು ಹೆಂಗಸರಲ್ಲಿ ಹದಿನೇಳು ಗಂಡುಮಕ್ಕಳು, ಅಷ್ಟೂ ಜನರ ಹೆಸರು ಔರೇಲಿಯಾನೊ. ನಾನು ಡ್ರಾಯಿಂಗ್ ಹಾಳೆ ತೆಗೆದು ವಂಶವೃಕ್ಷ ಬರೆಯತೊಡಗಿದೆ. ಬಣ್ಣದ ಪೆನ್ನು ಬೇರೆ. ಎರಡು ವಾರದಲ್ಲಿ ಹಾಳೆ ತುಂಬಿತು, ಕತೆ ನಿಂತೇಹೋಯಿತು. ಓದುವುದು ಅಂದರೆ ಉತ್ತರಪತ್ರಿಕೆ ತಿದ್ದಿದ ಹಾಗೆ ಆಗಿಬಿಟ್ಟಿತ್ತು.

ಆ ಸಲ ಬಿಡಲು ಇನ್ನೊಂದು ಕಾರಣವೂ ಇತ್ತು. ಮುಂದೆ ಕರ್ನಲ್ ಆಗುವ ಅದೇ ಔರೇಲಿಯಾನೊ, ರೆಮೆದಿಯೋಸ್ ಎಂಬ ಹುಡುಗಿಗೆ ಮನಸೋಲುತ್ತಾನೆ. ಅವಳಿಗೆ ಒಂಬತ್ತು ವರ್ಷ. ಅವಳು ದೊಡ್ಡವಳಾಗುವವರೆಗೆ ಕಾದು ಮದುವೆ ಮಾಡುತ್ತಾರೆ. ನನ್ನ ತರಗತಿಯಲ್ಲಿ ಅದಕ್ಕಿಂತ ನಾಲ್ಕೈದು ವರ್ಷ ದೊಡ್ಡ ಹುಡುಗಿಯರು ಕೂರುತ್ತಾರೆ. ಆ ಪುಟ ನನ್ನ ಗಂಟಲಲ್ಲಿ ಸಿಕ್ಕಿಕೊಂಡಿತು. ಈಗಲೂ ಅದು ಇಳಿದಿಲ್ಲ. ಯಾರಾದರೂ ಇದೇ ಕಾರಣಕ್ಕೆ ಪುಸ್ತಕ ಮುಚ್ಚಿಟ್ಟರೆ ನಾನು ಅವರಿಗೆ ಎದುರು ಹೇಳುವುದಿಲ್ಲ.

ಮೂರನೆಯ ಸಲ ಓದಿದ್ದು ಒಂದು ಮಳೆಗಾಲದಲ್ಲಿ, ಸಿದ್ದಾಪುರ ಕಡೆಯ ನನ್ನ ತವರುಮನೆಯಲ್ಲಿ. ಅಡಿಕೆ ತೋಟಕ್ಕೆ ಕೊಳೆರೋಗ ಬಿದ್ದಿತ್ತು. ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡ ಬಂದು ಜಗುಲಿಯಲ್ಲಿ ಕೂತು, ಮಳೆ ಹೊಳವಾಗದೆ ವಾಪಸ್ ಹೋಗಿದ್ದ. ಮೂರು ದಿನದಿಂದ ಕರೆಂಟಿಲ್ಲ. ಬಚ್ಚಲೊಲೆಯ ಎದುರು ಕೂತು ಬೆಂಕಿಯ ಬೆಳಕಲ್ಲಿ ಪುಟ ತಿರುವುತ್ತಿದ್ದೆ. ಆಯಿ (ನಮ್ಮ ಕಡೆ ಅಮ್ಮನಿಗೆ ಹಾಗೆನ್ನುವುದು) ಹಂಡೆಗೆ ಸೌದೆ ಒಟ್ಟುತ್ತಾ, "ಅದ್ರಲ್ಲಿ ಎಂತ ಇದ್ದು?" ಅಂತ ಕೇಳಿದಳು.

ಅವಳಿಗೆ ಇಂಗ್ಲಿಷ್ ಬರುವುದಿಲ್ಲ. ನಾನು ಪುಟ ನೋಡಿಕೊಂಡು ನಮ್ಮ ಮನೆಮಾತಿನಲ್ಲೇ ಹೇಳತೊಡಗಿದೆ. ಒಬ್ಬ ಕರ್ನಲ್‌ನನ್ನು ಗುಂಡು ಹೊಡೆದು ಕೊಲ್ಲಲು ನಿಲ್ಲಿಸಿದ್ದಾರೆ. ಆಗ ಅವನಿಗೆ ಚಿಕ್ಕವನಿದ್ದಾಗ ಅಪ್ಪ ಮಂಜುಗಡ್ಡೆ ತೋರಿಸಲು ಕರೆದುಕೊಂಡು ಹೋದದ್ದು ನೆನಪಾಗುತ್ತದೆ. ಅಲ್ಲಿಂದ ಕತೆ ಹಿಂದಕ್ಕೆ ಹೋಗುತ್ತದೆ. ಇಂಗ್ಲಿಷಿನಲ್ಲಿ ನನ್ನನ್ನು ಎರಡು ಸಲ ಕಂಗೆಡಿಸಿದ ಆ ಹಿಂದುಮುಂದು, ಬಾಯಲ್ಲಿ ಹೇಳುವಾಗ ತೊಡಕೇ ಆಗಲಿಲ್ಲ. ನಮ್ಮ ಮನೆಗಳಲ್ಲಿ ಕತೆ ಹೇಳುವುದೇ ಹಾಗಲ್ವಾ? "ಮುಂದೆ ಕಾಶಿಯಲ್ಲಿ ತೀರಿಕೊಂಡನಲ್ಲ, ಆ ಅಜ್ಜ ಸಣ್ಣವನಿದ್ದಾಗ..." ಅಂತಲೇ ಶುರುವಾಗುತ್ತದೆ. ಸತ್ತದ್ದು ಮೊದಲೇ ಗೊತ್ತು. ಬದುಕಿದ್ದು ಹೇಗೆ ಅಂತ ಕೇಳಲು ಕೂರುತ್ತೇವೆ.

ಹೆಸರಿನ ಗೋಜಲನ್ನೂ ಆಯಿಯೇ ಬಿಡಿಸಿದಳು. ನಾನು "ಇವನ ಹೆಸರೂ ಔರೇಲಿಯಾನೊ" ಅಂತ ತಡವರಿಸಿದಾಗ ಅವಳಿಗೆ ಏನೂ ಅನ್ನಿಸಲಿಲ್ಲ. ನಮ್ಮಲ್ಲಿ ಹಿರಿಮಗನಿಗೆ ಅಜ್ಜನ ಹೆಸರು ಇಡುವ ವಾಡಿಕೆ ಇದೆ. ನಮ್ಮೂರಲ್ಲೇ ನಾಲ್ಕು ಗಣಪತಿ, ಮೂರು ಸುಬ್ರಾಯ. ಮೇಲಿನಮನೆ ಗಣಪತಿ, ತೋಟದಮನೆ ಗಣಪತಿ ಅಂತ ಯಾರೂ ಹಾಳೆ ಹಿಡಿದು ಬರೆದುಕೊಂಡಿಲ್ಲ. "ಹೆಸರು ಬಿಡು, ಅಂವ ಯಾರ ಹಾಂಗೆ ಇದ್ದ ಅದು ಹೇಳು" ಅಂದಳು ಆಯಿ.

ಕಾದಂಬರಿಯ ಒಳಗೆ ಊರ್ಸುಲಾ ಹೇಳುವುದೂ ಇದನ್ನೇ. ಅವಳು ಆ ಮನೆಯ ಹಿರಿಯಳು, ನೂರು ದಾಟಿ ಬದುಕುವವಳು. ಹೊಸೆ ಅರ್ಕಾದಿಯೊಗಳು ದೊಡ್ಡ ಮೈಯ ದುಡುಕಿನವರು, ಔರೇಲಿಯಾನೊಗಳು ತಮ್ಮೊಳಗೇ ಇರುವವರು ಅಂತ ಅವಳ ಲೆಕ್ಕ. ಒಂದು ಅವಳಿ ಜೋಡಿಯಲ್ಲಿ ಮಾತ್ರ ಇದು ತಿರುಗುಮುರುಗಾಗುತ್ತದೆ. ಚಿಕ್ಕಂದಿನಲ್ಲಿ ಹೆಸರು ಬದಲಾಯಿಸಿಕೊಂಡು ಆಡುತ್ತಾ ಅದಲುಬದಲಾಗಿಯೇ ಉಳಿದರೋ ಏನೋ ಅಂತ ಅವಳಿಗೆ ಅನುಮಾನ. ಹೆಸರು ಗೊತ್ತಿದ್ದರೆ ಆಳು ಗೊತ್ತಾದ ಹಾಗಲ್ಲ ಅನ್ನುವುದು ಲೇಖಕನಿಗೆ ಬೇಕಾದದ್ದೇ. ನಾವು ಗೊಂದಲಪಡಬೇಕಾದ ಜಾಗದಲ್ಲಿ ಗೊಂದಲಪಟ್ಟು, ನಮ್ಮ ಬುದ್ಧಿಯನ್ನು ಬೈದುಕೊಳ್ಳುತ್ತೇವೆ.

ಇಲ್ಲಿದೆ ನನ್ನ ಉತ್ತರ. ಈ ಪುಸ್ತಕವನ್ನು ಅಭ್ಯಾಸ ಮಾಡಲು ಹೋಗಬೇಡಿ, ಕೇಳಿಸಿಕೊಳ್ಳಿ. ಆಗದಿದ್ದರೆ ಗಟ್ಟಿಯಾಗಿ ಓದಿ. ಮಾರ್ಕ್ವೆಜ್ ಚಿಕ್ಕಂದಿನಲ್ಲಿ ಅರಕಟಾಕಾ ಎಂಬ ಊರಲ್ಲಿ ಅಜ್ಜ ಅಜ್ಜಿಯ ಮನೆಯಲ್ಲಿ ಬೆಳೆದವರು. ಅಜ್ಜಿ ಎಂಥ ನಂಬಲಾಗದ ಸಂಗತಿಯನ್ನೂ ಮುಖದಲ್ಲಿ ಒಂದು ಗೆರೆ ಅಲುಗದ ಹಾಗೆ ಹೇಳುತ್ತಿದ್ದಳು, ಈ ಕಾದಂಬರಿಗೆ ಬೇಕಾದ ದನಿ ಅದೇ ಎಂದು ಕೊನೆಗೆ ಹೊಳೆಯಿತು ಅಂತ ಅವರೇ ಹೇಳಿಕೊಂಡಿದ್ದಾರೆ. ನಮಗೆ ಆ ದನಿ ಹೊಸದಲ್ಲ. ಸಂಜೆ ಗದ್ದೆಬದುವಿನಲ್ಲಿ ಊರ ದೇವತೆ ಚೌಡಿ ಅಡ್ಡ ಬಂದಳು, ಕವಳ (ಎಲೆಅಡಿಕೆ) ಕೊಟ್ಟ ಮೇಲೆ ದಾರಿ ಬಿಟ್ಟಳು ಅಂತ ನನ್ನ ಅಜ್ಜಿ, ಹಾಲಿನ ಲೆಕ್ಕ ಹೇಳುವ ದನಿಯಲ್ಲೇ ಹೇಳುತ್ತಿದ್ದಳು.

ಸುಂದರಿ ರೆಮೆದಿಯೋಸ್ (ಇವಳು ಬೇರೆ ರೆಮೆದಿಯೋಸ್) ಒಣಗಿದ ಹಾಸುಬಟ್ಟೆ ಮಡಚುತ್ತಾ ಮಡಚುತ್ತಾ ಆಕಾಶಕ್ಕೆ ಏರಿಹೋಗುತ್ತಾಳೆ. ಕಾಲೇಜಿನವರು ಇದಕ್ಕೆ ಮಾಂತ್ರಿಕ ವಾಸ್ತವ ಅಂತ ಪುಟಗಟ್ಟಲೆ ಬರೆಯುತ್ತಾರೆ. ಆಯಿ ಕೇಳಿದ್ದು ಒಂದೇ. "ಹಾಸುಬಟ್ಟೆ ಎಂತ ಆತು?" ನಾನು ಮುಂದಿನ ಸಾಲು ನೋಡಿದೆ. ಆ ಮನೆಯ ಸೊಸೆ ಫೆರ್ನಾಂಡಾ, ನನ್ನ ಹಾಸುಬಟ್ಟೆ ವಾಪಸ್ ಕೊಡು ಅಂತ ದೇವರನ್ನು ಕೇಳುತ್ತಿದ್ದಳು! ಆಯಿ ಒಪ್ಪಿಗೆಯಿಂದ ತಲೆ ಆಡಿಸಿದಳು. ಈ ಪುಸ್ತಕಕ್ಕೆ ಆಯಿಯಂಥ ಓದುಗರು ಬೇಕು ಅಂತ ಆ ದಿನ ನನಗೆ ಖಾತ್ರಿಯಾಯಿತು.

ಅನುವಾದದ ತೊಂದರೆ ಇಲ್ಲವೇ ಅಂತ ಕೇಳಿದರೆ, ಇದೆ. ಸ್ಪ್ಯಾನಿಷಿನಿಂದ ಇಂಗ್ಲಿಷಿಗೆ, ಅಲ್ಲಿಂದ ನಮ್ಮ ತಲೆಯೊಳಗಿನ ಕನ್ನಡಕ್ಕೆ, ಎರಡು ಹೊಳೆ ದಾಟಬೇಕು. ರಬಾಸಾ ಅವರದ್ದು ಒಳ್ಳೆಯ ಅನುವಾದ, ಮಾರ್ಕ್ವೆಜ್ ಅವರೇ ಮೆಚ್ಚಿದ್ದು. ಆದರೂ ಹೆಸರಿನಲ್ಲೇ ಒಂದು ಗಂಟು ಇದೆ. ಸ್ಪ್ಯಾನಿಷಿನ 'ಸೊಲೆದಾದ್' ಅನ್ನುವ ಪದದಲ್ಲಿ ಏಕಾಂತವೂ ಇದೆ, ಒಂಟಿತನವೂ ಇದೆ. ಕನ್ನಡದಲ್ಲಿ ಎರಡರಲ್ಲಿ ಒಂದನ್ನು ಆರಿಸಲೇಬೇಕು. ನಾವು 'ಏಕಾಂತ' ಅಂತಲೇ ಹೇಳಿ ರೂಢಿ. ಏಕಾಂತ ನಾವು ಬಯಸಿ ಪಡೆಯುವಂಥದ್ದು. ಒಂಟಿತನ ಮೇಲೆ ಬಂದು ಬೀಳುವಂಥದ್ದು. ಕರ್ನಲ್ ಮೂವತ್ತೆರಡು ಯುದ್ಧ ಸೋತು ಬಂದು, ಕೋಣೆಯೊಳಗೆ ಕೂತು ಸಣ್ಣ ಸಣ್ಣ ಬಂಗಾರದ ಮೀನು ಮಾಡುತ್ತಾನೆ. ಆಮೇಲೆ ಕರಗಿಸಿ ಮತ್ತೆ ಅವನ್ನೇ ಮಾಡುತ್ತಾನೆ. ಅದು ಏಕಾಂತವಲ್ಲ. ನನ್ನ ಮನಸ್ಸಿನಲ್ಲಿ ಈ ಪುಸ್ತಕದ ಹೆಸರು ಒಂಟಿತನ ಅಂತಲೇ ಇದೆ.

ಆ ಯುದ್ಧಗಳ ಭಾಗ ನನಗೆ ಈಗಲೂ ಬೇಸರ. ಅಲ್ಲಿ ಬೇಗ ಬೇಗ ಓದಿ ದಾಟಿ, ಏನೂ ತಪ್ಪಿಲ್ಲ. ರಾತ್ರಿಯಿಡೀ ಆಡುವ ಬಯಲಾಟದಲ್ಲಿ ನಡುವೆ ಎದ್ದು ಚಾ ಕುಡಿದು ಬಂದು ಕೂತರೂ ಪ್ರಸಂಗ ನಮ್ಮನ್ನು ಒಳಗೆ ಸೇರಿಸಿಕೊಳ್ಳುತ್ತದೆ. ಇದೂ ಹಾಗೆಯೇ.

ಆದರೆ ಬಾಳೆಹಣ್ಣಿನ ಕಂಪನಿ ಬರುವವರೆಗಾದರೂ ಓದಿ ಅಂತ ಕೇಳಿಕೊಳ್ಳುತ್ತೇನೆ. ಮಕೊಂಡೊ ಎಂಬ ಆ ಊರಿಗೆ ಮೊದಲು ರೈಲು ಬರುತ್ತದೆ, ಹಿಂದೆಯೇ ಕಂಪನಿ. ಕೊನೆಗೆ ಮುಷ್ಕರ ಮಾಡಿದ ಕೂಲಿಗಳ ಮೇಲೆ ಸೈನ್ಯ ಗುಂಡು ಹಾರಿಸುತ್ತದೆ. ಇದು ಬರೀ ಕಲ್ಪನೆಯಲ್ಲ. ಕೊಲಂಬಿಯಾದ ಸಿಯೆನಗಾದಲ್ಲಿ 1928ರ ಡಿಸೆಂಬರ್‌ನಲ್ಲಿ ಯುನೈಟೆಡ್ ಫ್ರೂಟ್ ಕಂಪನಿಯ ಕೂಲಿಗಳ ಮೇಲೆ ಹಾಗೆ ಗುಂಡು ಹಾರಿಸಿದ್ದರು. ಕಾದಂಬರಿಯಲ್ಲಿ ಮರುದಿನ ಊರಿನಲ್ಲಿ ಯಾರಿಗೂ ಅದು ನೆನಪಿರುವುದಿಲ್ಲ. ಏನೂ ಆಗಿಯೇ ಇಲ್ಲ ಅನ್ನುತ್ತಾರೆ.

ಕಾರವಾರದ ನನ್ನ ಗೆಳತಿಯ ತವರು ಅರ್ಗಾದ ಕಡೆ. ಸೀಬರ್ಡ್ ನೌಕಾನೆಲೆಗಾಗಿ ಆ ಕಡಲ ಕರೆಯ ಊರುಗಳನ್ನು ಎಬ್ಬಿಸಿದಾಗ ಅವರ ಮನೆಯೂ ಹೋಯಿತು. ಅಲ್ಲಿ ರಕ್ತ ಹರಿಯಲಿಲ್ಲ, ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡುತ್ತಿಲ್ಲ. ಅವಳನ್ನು ಹಿಡಿದು ನಿಲ್ಲಿಸಿದ್ದು ಪುಸ್ತಕದ ಬೇರೊಂದು ಜಾಗ. ಮಕೊಂಡೊದ ಜನಕ್ಕೆ ನಿದ್ದೆ ಬಾರದ ಕಾಯಿಲೆ ಬಂದು, ಆಮೇಲೆ ಮರೆವು ಶುರುವಾಗುತ್ತದೆ. ಆಗ ಅವರು ಕುರ್ಚಿ, ಗಡಿಯಾರ, ಹಸು, ಎಲ್ಲದಕ್ಕೂ ಚೀಟಿ ಅಂಟಿಸುತ್ತಾರೆ. ಹಸುವಿನ ಚೀಟಿಯಲ್ಲಿ ದಿನಾ ಹಾಲು ಕರೆಯಬೇಕು ಅಂತ ಕೂಡ ಬರೆದಿಡುತ್ತಾರೆ. ಗೆಳತಿಯ ಅವ್ವ ಬೇರೆ ಕಡೆ ಹೋಗಿ ನೆಲೆಸಿದ ಮೇಲೆ ಹಳೆಯ ಹಿತ್ತಲನ್ನು ಬಾಯಲ್ಲೇ ಹೇಳುತ್ತಿದ್ದರಂತೆ. ಬಾವಿಯ ಪಕ್ಕ ಮುರುಗಲು ಮರ, ಅದರಾಚೆ ಎರಡು ತೆಂಗು, ಆಮೇಲೆ ರಂಪಣಿ ಬಲೆ ಒಣಗಿಸುವ ಮರಳು. ಪ್ರತಿ ಸಲವೂ ಅದೇ ಕ್ರಮದಲ್ಲಿ. ಆ ಚೀಟಿಯ ಪುಟ ಓದಿದ ರಾತ್ರಿ ಗೆಳತಿ ನನಗೆ ಫೋನ್ ಮಾಡಿ ತುಂಬಾ ಹೊತ್ತು ಅತ್ತಳು. ಅವಳೂ ಅದಕ್ಕೆ ಮೊದಲು ಒಂದು ಸಲ ಪುಸ್ತಕ ಬಿಟ್ಟವಳೇ.

ನಮ್ಮನೆಯ ಓದು ನಿಂತದ್ದು ಊರ್ಸುಲಾಳ ಕಣ್ಣು ಹೋಗುವಲ್ಲಿ. ಮುದುಕಿಗೆ ಪೂರ್ತಿ ಕುರುಡಾಗುತ್ತದೆ, ಯಾರಿಗೂ ಹೇಳುವುದಿಲ್ಲ. ವಾಸನೆ, ಸದ್ದು, ಯಾರು ಯಾವ ಹೊತ್ತಿಗೆ ಎಲ್ಲಿ ಓಡಾಡುತ್ತಾರೆ ಅನ್ನುವ ನೆನಪು, ಇಷ್ಟರಲ್ಲೇ ಮನೆ ನಡೆಸುತ್ತಾಳೆ. ಸೊಸೆಯ ಉಂಗುರ ಕಳೆದಾಗ ಕಣ್ಣಿದ್ದವರಿಗೆ ಸಿಗದ್ದನ್ನು ಅವಳು ಹುಡುಕಿ ಕೊಡುತ್ತಾಳೆ. ನಾನು ಹೇಳಿ ಮುಗಿಸಿದೆ. ಆಯಿ ಏನೂ ಮಾತಾಡಲಿಲ್ಲ. ಮರುದಿನವೂ ಕತೆ ಕೇಳಲು ಬರಲಿಲ್ಲ. ಅದರ ಮರುದಿನ ಬೆಳಿಗ್ಗೆ ದೋಸೆ ಹೊಯ್ಯುತ್ತಾ ಬೆನ್ನು ತಿರುಗಿಸಿಕೊಂಡೇ ಹೇಳಿದಳು. "ಎಂಗೂ ಒಂದು ವರ್ಷಾತು, ಸಮಾ ಕಾಣ್ತಿಲ್ಲೆ."

ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಅದೇ ಮಳೆಗಾಲದಲ್ಲಿ ಒಂದು ಕಣ್ಣಿನದ್ದು, ದೀಪಾವಳಿ ಕಳೆದ ಮೇಲೆ ಇನ್ನೊಂದರದ್ದು ಆಪರೇಷನ್ ಮಾಡಿಸಿದೆವು. ಆಮೇಲೆ ಅವಳಿಗೆ ಕನ್ನಡದ ಪ್ರತಿ ತಂದುಕೊಟ್ಟೆ. ಮೊದಲಿನಿಂದ ಓದುತ್ತೇನೆ ಅಂತ ಕೂತಳು. ಮಧ್ಯಾಹ್ನ ಊಟವಾದ ಮೇಲೆ, ಜಗುಲಿಯ ಬೆಳಕಿನಲ್ಲಿ, ದಿನಕ್ಕೆ ನಾಲ್ಕೇ ಪುಟ. ಕವಳದ ಬಟ್ಟಲು ಪಕ್ಕದಲ್ಲಿ. ಓದುತ್ತಾ ಓದುತ್ತಾ ನಾಲ್ಕು ವರ್ಷ, ಹನ್ನೊಂದು ತಿಂಗಳು, ಎರಡು ದಿನ ಬಿಡದೆ ಸುರಿಯುವ ಆ ಮಳೆಯ ಭಾಗಕ್ಕೆ ಬಂದಳು. ನಾನು ಪಕ್ಕದಲ್ಲಿ ಹೋಗಿ ಕೂತು, ಎಲ್ಲಿಗೆ ಬಂತು ಅಂತ ಬಗ್ಗಿ ನೋಡಿದೆ. ಆಯಿ ಪುಸ್ತಕವನ್ನು ಎದೆಗೆ ಒತ್ತಿಕೊಂಡಳು. "ಮುಂದಿಂದು ಹೇಳಡ" ಅಂದಳು.