ದವನದ ಹುಣ್ಣಿಮೆ ಕಳೆದ ಭಾನುವಾರ

ದಾವಣಗೆರೆ, 5 ಏಪ್ರಿಲ್ 2026

ಈಸ್ಟರ್ ಪೂಜೆ ಮುಗಿಸಿ ರಾತ್ರಿ ಚರ್ಚಿನಿಂದ ಮನೆಗೆ ಬಂದಾಗ ಒಂದು ಗಂಟೆ ದಾಟಿತ್ತು. ಸೀರೆ ಸೆರಗಿನ ಮೇಲೆ ಎರಡು ಕಡೆ ಮೇಣ ಬಿದ್ದು ಗಟ್ಟಿಯಾಗಿದೆ. ಕೆರೆದು ತೆಗೆಯಲು ಇನ್ನೂ ಮನಸ್ಸು ಬಂದಿಲ್ಲ.

ಗುರುವಾರದಿಂದಲೂ ಬರೆಯಬೇಕು ಅಂದುಕೊಂಡಿದ್ದೆ. ಅವತ್ತು ದವನದ ಹುಣ್ಣಿಮೆ. ಪಕ್ಕದ ಮನೆ ಅಜ್ಜಿ ಗುಡಿಗೆ ಹೋಗಿ ಬರುತ್ತಾ ಒಂದು ಹಿಡಿ ದವನ ತಂದುಕೊಟ್ಟರು. ಕೊಡುತ್ತಲೇ ಕೇಳಿದರು: "ಏನವ್ವಾ, ಕ್ರಿಸ್‌ಮಸ್ ಪ್ರತಿ ವರ್ಷ ಒಂದೇ ತಾರೀಖಿಗೆ ಬರ್ತೈತಿ. ಈ ಈಸ್ಟರ್ ಯಾಕೆ ಹಿಂದೆ ಮುಂದೆ ಓಡಾಡ್ತೈತಿ?"

"ಇದೂ ಹುಣ್ಣಿಮೆ ನೋಡಿಕೊಂಡು ಬರೋ ಹಬ್ಬನೇ ಅಜ್ಜಿ" ಅಂದೆ. ಮಾರ್ಚ್ 21ಕ್ಕೆ ಅಥವಾ ಅದಾದ ಮೇಲೆ ಬರುವ ಮೊದಲ ಹುಣ್ಣಿಮೆ ಹಿಡಿಯಬೇಕು. ಅದು ಕಳೆದ ಮೇಲಿನ ಭಾನುವಾರ ಈಸ್ಟರ್. ಹಾಗಾಗಿ ಮಾರ್ಚ್ 22ರಿಂದ ಏಪ್ರಿಲ್ 25ರ ಒಳಗೆ ಯಾವಾಗ ಬೇಕಾದರೂ ಬರಬಹುದು. ಊರಿಗೊಂದು ದಿನ ಬೇಡ, ಎಲ್ಲರೂ ಒಂದೇ ಭಾನುವಾರ ಆಚರಿಸೋಣ ಅಂತ ಕ್ರಿ.ಶ. 325ರಲ್ಲಿ ಈಗಿನ ಟರ್ಕಿಯ ನೈಸಿಯಾದಲ್ಲಿ ಸೇರಿದ ಬಿಷಪ್ಪರು ತೀರ್ಮಾನಿಸಿದರು. ಲೆಕ್ಕಕ್ಕೆ ಹಿಡಿಯುವುದು ಚರ್ಚಿನ ಪಟ್ಟಿಯಲ್ಲಿರುವ ಹುಣ್ಣಿಮೆ. ಅದಕ್ಕೂ ಆಕಾಶದ ಚಂದ್ರನಿಗೂ ಕೆಲವು ವರ್ಷ ಒಂದೆರಡು ದಿನ ವ್ಯತ್ಯಾಸ ಬರುತ್ತದೆ. ಈ ವರ್ಷ ಎರಡೂ ಏಪ್ರಿಲ್ 2ಕ್ಕೇ ಕೂಡಿ ಬಂದವು.

ಹುಣ್ಣಿಮೆ ಯಾಕೆ ಅಂದರೆ, ಯೇಸುವಿನ ಕಡೆಯ ಊಟ, ಸಾವು, ಮತ್ತೆ ಎದ್ದದ್ದು ಎಲ್ಲವೂ ಯೆಹೂದ್ಯರ ಪಾಸ್ಕ ಹಬ್ಬದ ದಿನಗಳಲ್ಲಿ ನಡೆದವು. ಈಜಿಪ್ಟಿನ ಗುಲಾಮಗಿರಿಯಿಂದ ಬಿಡುಗಡೆಯಾದ ನೆನಪಿಗೆ ಅವರು ಆ ಹಬ್ಬ ಮಾಡುವುದು ವಸಂತದ ಹುಣ್ಣಿಮೆಗೆ. ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಯಾರೂ ಈಸ್ಟರ್ ಅನ್ನುತ್ತಿರಲಿಲ್ಲ, ಪಾಸ್ಕ ಅನ್ನುತ್ತಿದ್ದರು. ನನಗೆ ಈಗಲೂ ಆ ಹೆಸರೇ ಇಷ್ಟ. ಅದರಲ್ಲಿ ಬಿಡುಗಡೆಯ ಕಥೆ ಇದೆ.

ಶುಕ್ರವಾರ ಬೆಳಿಗ್ಗೆ ಫೋನ್ ತುಂಬಾ 'ಶುಭ ಶುಕ್ರವಾರದ ಶುಭಾಶಯಗಳು'. ಪ್ರೀತಿಯಿಂದ ಕಳಿಸುತ್ತಾರೆ, ನನಗೆ ಬೇಜಾರಿಲ್ಲ. ಆದರೆ ಅದು ಯೇಸು ಶಿಲುಬೆಯ ಮೇಲೆ ಸತ್ತ ದಿನ. ಅವತ್ತು ಪೂಜೆಯೇ ಇಲ್ಲ. ಪೀಠದ ಮೇಲೆ ಬಟ್ಟೆ ಇರುವುದಿಲ್ಲ, ಹೂವಿಲ್ಲ, ಗಂಟೆ ಬಾರಿಸುವುದಿಲ್ಲ. ಉಪವಾಸ ಇದ್ದು ಶಿಲುಬೆ ಹಾದಿ ಮಾಡುತ್ತೇವೆ. ಯೇಸು ಶಿಲುಬೆ ಹೊತ್ತು ನಡೆದ ದಾರಿಯ ನೆನಪಿಗೆ ಹದಿನಾಲ್ಕು ಕಡೆ ನಿಂತು, ಮಂಡಿಯೂರಿ, ಮತ್ತೆ ನಡೆಯುವುದು. ನಮ್ಮೂರಿನ ಏಪ್ರಿಲ್ ಬಿಸಿಲು ಗೊತ್ತಲ್ಲ, ನೆಲ ಕಾದು ಹಂಚಾಗಿತ್ತು.

ಸಂಜೆ ಅಜ್ಜಿ ಮೆಲ್ಲಗೆ ಕೇಳಿದರು, "ಸತ್ತ ದಿನಕ್ಕೆ ಶುಭ ಅಂತೀರಲ್ಲವ್ವಾ?" ಹಳೆಯ ಇಂಗ್ಲಿಷಿನಲ್ಲಿ 'ಗುಡ್' ಅನ್ನುವುದಕ್ಕೆ ಪವಿತ್ರ ಅನ್ನೋ ಅರ್ಥವೂ ಇತ್ತು, ಕನ್ನಡಕ್ಕೆ ಬರುವಾಗ ಅದು ಶುಭ ಆಯಿತು ಅಂದೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ನೆ ಕೂತರು. "ನಮ್ಮ ಯಜಮಾನ್ರು ಹೋದ ದಿನ ಬಂದ್ರೆ ನನಗೂ ಅನ್ನ ಸೇರೋದಿಲ್ಲ" ಅಂದರು. ಫೆಬ್ರವರಿ 18ರಂದು, ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಾದ ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರ, ನಾನು ಹಣೆಗೆ ಬೂದಿ ಹಚ್ಚಿಸಿಕೊಂಡು ಬಂದಾಗ "ನೀವೂ ವಿಭೂತಿ ಇಟ್ಕೋತೀರಾ?" ಅಂತ ಖುಷಿಪಟ್ಟಿದ್ದವರೂ ಇವರೇ. ಅದು ಹೋದ ವರ್ಷ ಈಸ್ಟರ್‌ಗೆ ಒಂದು ವಾರ ಮುಂಚೆ ಬಂದ ಗರಿಗಳ ಭಾನುವಾರದ ಗರಿ ಸುಟ್ಟು ಮಾಡಿದ ಬೂದಿ.

ಇನ್ನು ನಿನ್ನೆ ರಾತ್ರಿ. ವರ್ಷದಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಬೇಕಾದ ರಾತ್ರಿ ಇದು. ಹತ್ತೂವರೆಗೆ ಚರ್ಚಿನ ಲೈಟೆಲ್ಲ ಆರಿಸಿದರು. ಹೊರಗೆ ಬೆಂಕಿ ಹಾಕಿದ್ದರು, ಸುತ್ತ ನಿಂತೆವು. ಪೂರ್ವದಲ್ಲಿ ಅಂಚು ಸವೆದ ಚಂದ್ರ. ಫಾದರ್ ಆಳೆತ್ತರದ ಪಾಸ್ಕ ಬತ್ತಿಯ ಮೇಲೆ ಶಿಲುಬೆ ಗೀರಿದರು, ಈ ವರ್ಷದ ನಾಲ್ಕು ಅಂಕಿ ಕೆತ್ತಿದರು. ಯೇಸುವಿನ ಐದು ಗಾಯಗಳ ಗುರುತಿಗೆ ಐದು ಧೂಪದ ಹರಳು ಚುಚ್ಚಿದರು. ಆ ಹೊಸ ಬೆಂಕಿಯಿಂದ ಬತ್ತಿ ಹಚ್ಚಿ ಕತ್ತಲ ಒಳಗೆ ನಡೆದರು. ಒಂದು ಬತ್ತಿಯಿಂದ ಇನ್ನೊಂದು, ಪಕ್ಕದವರಿಂದ ಪಕ್ಕದವರಿಗೆ. ನನ್ನ ಬತ್ತಿ ಹಚ್ಚಿಕೊಟ್ಟವನು ಏಳೆಂಟು ವರ್ಷದ ಹುಡುಗ. ಗಾಳಿಗೆ ಆರದ ಹಾಗೆ ಕೈ ಅಡ್ಡ ಹಿಡಿದಿದ್ದ. ಆಮೇಲೆ ಲೋಕ ಸೃಷ್ಟಿಯ ಕಥೆ, ಕೆಂಪು ಸಮುದ್ರ ದಾಟಿದ ಕಥೆ. ಮೂರು ದಿನದಿಂದ ಸುಮ್ಮನಿದ್ದ ಗಂಟೆಗಳು ಒಮ್ಮೆಲೇ ಬಾರಿಸಿದವು. ತಪಸ್ಸುಕಾಲ ಪೂರ್ತಿ ಬಾಯಿಗೆ ಬಾರದ, ದೇವರನ್ನು ಕೊಂಡಾಡುವ ಅಲ್ಲೆಲೂಯ ಹಾಡುವಾಗ ನನಗೆ ಗಂಟಲು ಕಟ್ಟಿತು.

ಅಜ್ಜಿ ಕೊಟ್ಟ ದವನದಲ್ಲಿ ಒಂದು ಕಡ್ಡಿ ಕೈಯಲ್ಲಿತ್ತು. ಆ ಭಾನುವಾರವೂ ಬೆಳಗಾಗುವ ಮೊದಲೇ ಸುಗಂಧ ದ್ರವ್ಯ ಹಿಡಿದು ಯೇಸುವಿನ ಸಮಾಧಿಗೆ ಹೋದವರು ಹೆಂಗಸರು. ಸತ್ತವನಿಗೆ ಕಡೆಯ ಸೇವೆ ಮಾಡಲು ಹೋದವರು, ಗೆಲುವು ನೋಡಲು ಅಲ್ಲ. ಸಮಾಧಿ ಖಾಲಿ ಇತ್ತು. ಯೇಸುವಿನ ಶಿಷ್ಯೆ ಮಗ್ದಲದ ಮರಿಯ ಅಳುತ್ತಾ ನಿಂತಿದ್ದಳು. ಎದುರಿಗಿದ್ದ ಯೇಸುವನ್ನು ತೋಟದ ಮಾಲಿ ಅಂದುಕೊಂಡಳು. ಅವನು "ಮರಿಯಾ" ಅಂತ ಹೆಸರು ಹಿಡಿದು ಕರೆದ ಮೇಲೇ ಗುರುತು ಸಿಕ್ಕಿತು. ಬೈಬಲ್‌ನಲ್ಲಿ ಯೋವಾನ್ನರ ಶುಭಸಂದೇಶದ ಈ ಜಾಗ ಎಷ್ಟು ಸಲ ಕೇಳಿದರೂ ಸಾಲದು. ಲೋಕಕ್ಕೇ ದೊಡ್ಡ ಸುದ್ದಿ, ಅದನ್ನು ಮೊದಲು ಹೊತ್ತು ಓಡಿದವಳು ಅತ್ತು ಕಣ್ಣು ಊದಿದ ಒಬ್ಬ ಹೆಣ್ಣುಮಗಳು.

ಬೆಳಿಗ್ಗೆ ಮಕ್ಕಳಿಗೆ ಈರುಳ್ಳಿ ಸಿಪ್ಪೆ ಹಾಕಿ ಮೊಟ್ಟೆ ಬೇಯಿಸಿದೆ, ಕೆಂಪು ಕಂದು ಬಣ್ಣ ಬಂತು. ಹಿಂದೆ ಯುರೋಪಿನಲ್ಲಿ ತಪಸ್ಸುಕಾಲದಲ್ಲಿ ಮೊಟ್ಟೆ ತಿನ್ನುವ ಹಾಗಿರಲಿಲ್ಲ. ಕೂಡಿಟ್ಟ ಮೊಟ್ಟೆಯೆಲ್ಲ ಹಬ್ಬಕ್ಕೆ ಆಗುತ್ತಿತ್ತು. ಅಜ್ಜಿ ಮೊಟ್ಟೆ ಮುಟ್ಟುವುದಿಲ್ಲ, ಅವರಿಗೆ ಶಾವಿಗೆ ಪಾಯಸ ಕೊಟ್ಟು ಬಂದೆ. ದವನ ಏನು ಮಾಡಿದೆ ಅಂತ ಕೇಳಿದರು. ಹೇಳಿದೆ. "ಒಣಗಿದ ಮೇಲೆ ಬಟ್ಟೆ ನಡುವೆ ಇಡು, ವಾಸನೆ ಹೋಗೋದಿಲ್ಲ" ಅಂದರು.

ಮುಂದಿನ ವರ್ಷ ಪಾಸ್ಕ ಮಾರ್ಚ್ 28ಕ್ಕೆ, ಯುಗಾದಿಗೂ ಮುಂಚೆ. ಅಷ್ಟು ಬೇಗ ಪೇಟೆಗೆ ದವನ ಬಂದಿರುತ್ತೋ ಇಲ್ಲವೋ ಅಂತ ಅಜ್ಜಿ ಈಗಲೇ ಬೆರಳು ಎಣಿಸುತ್ತಿದ್ದಾರೆ.