ಹಿಮದ ಊರಿನಲ್ಲಿ ಚೆಂಡುಹೂವಿನ ಲೆಕ್ಕ

ಚಿಕ್ಕಬಳ್ಳಾಪುರದ ಕಡೆ ಚೆಂಡುಹೂವು ಬೆಳೆಯುವವರು ಹಬ್ಬದಿಂದ ಹಿಂದಕ್ಕೆ ದಿನ ಎಣಿಸುತ್ತಾರೆ. ಆಯುಧಪೂಜೆಗೆ ಹೂವು ಮಾರುಕಟ್ಟೆ ಸೇರಬೇಕೆಂದರೆ ಸುಮಾರು ಎರಡು ತಿಂಗಳ ಮುಂಚೆ ಸಸಿ ನಾಟಿಯಾಗಿರಬೇಕು, ಅದಕ್ಕೂ ಮೂರು ನಾಲ್ಕು ವಾರ ಮುಂಚೆ ನರ್ಸರಿಯ ಟ್ರೇಗೆ ಬೀಜ ಬಿದ್ದಿರಬೇಕು. ನಾನೀಗ ಇರುವ ಅಮೆರಿಕದ ಮಿನಿಯಾಪೊಲಿಸ್‌ನಲ್ಲೂ ಹಿಂದಕ್ಕೇ ಎಣಿಸುತ್ತಾರೆ. ಆದರೆ ಎಣಿಕೆ ಶುರುವಾಗುವುದು ಇಬ್ಬನಿ ಹೆಪ್ಪುಗಟ್ಟುವ ಕೊನೆಯ ರಾತ್ರಿಯಿಂದ. ಅದು ಸಾಮಾನ್ಯವಾಗಿ ಮೇ ಮಧ್ಯದ ಹೊತ್ತಿಗೆ ಕಳೆಯುತ್ತದೆ. ಅಲ್ಲಿಯವರೆಗೆ ಚೆಂಡುಹೂವು, ಜೀನಿಯಾ, ಕಾಸ್ಮಾಸ್ ಯಾವುದನ್ನೂ ನೆಲಕ್ಕೆ ಇಳಿಸುವಂತಿಲ್ಲ. ಮೂರೂ ಮೆಕ್ಸಿಕೋ ಕಡೆಯ ಗಿಡಗಳು, ಒಂದೇ ರಾತ್ರಿಯ ಹಿಮಕ್ಕೆ ಕಪ್ಪಾಗಿ ಜೋತುಬೀಳುತ್ತವೆ.

ಊರಿನಲ್ಲಿ ಚಿಕ್ಕಪ್ಪ ತಳಿ ಆರಿಸುವುದು ತಕ್ಕಡಿಯನ್ನು ಕಣ್ಣ ಮುಂದೆ ಇಟ್ಟುಕೊಂಡು. ಹೂವು ಗಟ್ಟಿಯಾಗಿರಬೇಕು, ತೂಕ ಬರಬೇಕು, ಚೀಲದಲ್ಲಿ ತುಂಬಿದರೆ ಉದುರಬಾರದು. ಸಾವಿರ ಬೀಜದ ಪೊಟ್ಟಣ ತರುತ್ತಾರೆ, ಇಲ್ಲವೇ ನೇರವಾಗಿ ನರ್ಸರಿಯ ಸಸಿಯನ್ನೇ ತಂದುಬಿಡುತ್ತಾರೆ. ಇಲ್ಲಿ ಡಿಸೆಂಬರ್, ಜನವರಿಯಲ್ಲಿ ಬೀಜ ಕಂಪನಿಗಳ ಬಣ್ಣಬಣ್ಣದ ಕ್ಯಾಟಲಾಗುಗಳು ಅಂಚೆಯಲ್ಲಿ ಬರುತ್ತವೆ. ಹೊರಗೆ ಮೊಣಕಾಲುದ್ದ ಹಿಮ ಬಿದ್ದಿರುವಾಗ ಅವುಗಳನ್ನು ತಿರುವಿ ಹಾಕುವುದು ಇಲ್ಲಿನವರಿಗೆ ಒಂದು ಚಟ, ನನಗೂ ಅಂಟಿದೆ. ಕೆಲವರು ಸಸ್ಯಗಳ ಚಳಿ ವಲಯದ ನಕ್ಷೆ ಹಿಡಿದು ಚರ್ಚೆಗೆ ಕೂರುತ್ತಾರೆ. ಇಲ್ಲಿನ ಕೃಷಿ ಇಲಾಖೆ 2023ರಲ್ಲಿ ಪರಿಷ್ಕರಿಸಿದ ಆ ನಕ್ಷೆ, ಚಳಿಗಾಲದ ತೀರಾ ಕಡಿಮೆ ಉಷ್ಣಾಂಶ ಎಷ್ಟಕ್ಕೆ ಇಳಿಯುತ್ತದೆ ಎಂಬುದನ್ನಷ್ಟೇ ಹೇಳುತ್ತದೆ. ವರ್ಷಾನುಗಟ್ಟಲೆ ನೆಲದಲ್ಲೇ ಉಳಿಯುವ ಗಿಡಕ್ಕೆ ಅದು ಬೇಕು. ಒಂದೇ ಬೇಸಿಗೆ ಬಾಳುವ ಚೆಂಡುಹೂವಿಗೆ ಅದರಿಂದ ಆಗಬೇಕಾದದ್ದು ಏನೂ ಇಲ್ಲ.

ಪೊಟ್ಟಣದ ಹಿಂದೆ ಬರೆಯದ, ಆದರೆ ನಮ್ಮೂರಿನವರಿಗೆ ಥಟ್ಟನೆ ಹೊಳೆಯುವ ಸಂಗತಿ ಇನ್ನೊಂದಿದೆ. ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರದ ಕಡೆ ರಾತ್ರಿ ಪ್ರಯಾಣ ಮಾಡಿದವರು ಸಾಲುಸಾಲು ಬಲ್ಬು ಉರಿಯುವ ಸೇವಂತಿಗೆ ತೋಟಗಳನ್ನು ನೋಡಿರುತ್ತೀರಿ. ರಾತ್ರಿ ಉದ್ದವಾದಾಗ ಮೊಗ್ಗು ಕಟ್ಟುವುದು ಸೇವಂತಿಗೆಯ ಗುಣ. ರಾತ್ರಿ ಬೆಳಕು ಕೊಟ್ಟರೆ ಮೊಗ್ಗಿಗೆ ತಿರುಗದೆ ಬೆಳೆಯುತ್ತಲೇ ಇರುತ್ತದೆ, ಗಿಡ ಸಾಕಷ್ಟು ಎತ್ತರಕ್ಕೆ ಬಂದ ಮೇಲೆ ಬಲ್ಬು ನಿಲ್ಲಿಸುತ್ತಾರೆ. ಹಾರಕ್ಕೆ ಬರುವ ಎತ್ತರದ ದಪ್ಪ ಚೆಂಡುಹೂವಿಗೂ ಈ ಗುಣ ಸ್ವಲ್ಪಮಟ್ಟಿಗೆ ಇದೆ. ನಮ್ಮಲ್ಲಿ ವರ್ಷದ ಅತಿ ಉದ್ದದ ಹಗಲೂ 13 ಗಂಟೆ ದಾಟುವುದಿಲ್ಲ. ಮಿನಿಯಾಪೊಲಿಸ್‌ನಲ್ಲಿ ಜೂನ್ ತಿಂಗಳ ಹಗಲು ಹದಿನೈದೂವರೆ ಗಂಟೆ. ರಾತ್ರಿ ಒಂಬತ್ತಕ್ಕೂ ಬೆಳಕಿರುತ್ತದೆ. ಆ ಬೆಳಕಿಗೆ ಎತ್ತರದ ತಳಿ ಸೊಪ್ಪನ್ನೇ ತುಂಬಿಕೊಂಡು ಹೂವಿಗೆ ತಡಮಾಡುತ್ತದೆ. ವರಮಹಾಲಕ್ಷ್ಮಿಗೆ ಹೂವು ಬೇಕೆಂದರೆ ಅದನ್ನು ನಂಬಿ ಕೂರುವಂತಿಲ್ಲ. ಸೊಪ್ಪು ಇಳಿದು ಹೂವು ತುಂಬುವ ಹೊತ್ತಿಗೆ ಅಕ್ಟೋಬರಿನ ಚಳಿ ಬಾಗಿಲಲ್ಲಿ ನಿಂತಿರುತ್ತದೆ. ಹಗಲಿನ ಉದ್ದಕ್ಕೆ ಸೊಪ್ಪು ಹಾಕದ ಕುಳ್ಳ ಜಾತಿಯ ಸಣ್ಣ ಚೆಂಡುಹೂವೇ ಇಲ್ಲಿಗೆ ಸರಿ. ಹಾರ ಕಟ್ಟಲು ಬೆರಳು ನೋಯುತ್ತದೆ, ನಿಜ. ಅದರ ಜೊತೆಗೆ ಜೀನಿಯಾ. ಅದರ ಬಣ್ಣ ನೋಡಿ ಅಮ್ಮ "ಇದನ್ನು ದೇವರಿಗೆ ಇಡಬಹುದೇ?" ಎಂದು ಕೇಳಿದರು, ಆಮೇಲೆ ತಾವೇ "ಇಡು, ಹೂವು ಹೂವೇ" ಎಂದು ತೀರ್ಪನ್ನೂ ಕೊಟ್ಟರು.

ಬಿತ್ತನೆ ಒಂದೇ ದಿನ ಮುಗಿಯುವ ಕೆಲಸವಲ್ಲ. ನೆಲಕ್ಕೆ ಇಳಿಯುವ ಮುಂಚೆ ಪೆಟೂನಿಯಾ ಮನೆಯೊಳಗೆ ಹತ್ತರಿಂದ ಹನ್ನೆರಡು ವಾರ ಬೆಳೆಯಬೇಕು, ಹಾಗಾಗಿ ಫೆಬ್ರವರಿ ಕೊನೆಗೇ ಟ್ರೇ ತುಂಬಿಸಬೇಕು. ಅದರ ಬೀಜ ನಶ್ಯದ ಪುಡಿಯಂತೆ, ಒಂದು ಗ್ರಾಮಿಗೆ ಸುಮಾರು ಹತ್ತು ಸಾವಿರ. ಒದ್ದೆ ಮಾಡಿದ ಕಡ್ಡಿಯ ತುದಿಗೆ ಒಂದೊಂದನ್ನೇ ಅಂಟಿಸಿಕೊಂಡು ಮಣ್ಣಿನ ಮೇಲೆ ತಾಗಿಸಬೇಕು, ಮುಚ್ಚಬಾರದು, ಬೆಳಕು ಕಂಡರೇ ಅದು ಮೊಳೆಯುವುದು. ಚೆಂಡುಹೂವಿನ ಬೀಜಕ್ಕೆ ಏಪ್ರಿಲ್ ಮೊದಲ ವಾರ ಸಾಕು. ತೆಳುವಾಗಿ ಮಣ್ಣು ಮುಚ್ಚಿ ಬೆಚ್ಚಗಿಟ್ಟರೆ ವಾರದೊಳಗೆ ತಲೆ ಎತ್ತುತ್ತದೆ. ಸೂರ್ಯಕಾಂತಿಯನ್ನು ಒಳಗೆ ಬೆಳೆಸುವ ತಾಪತ್ರಯವೇ ಬೇಡ, ಮೇ ಕೊನೆಗೆ ನೆಲದಲ್ಲೇ ಊರಿದರಾಯಿತು.

ನೆಲಮಾಳಿಗೆಯಲ್ಲಿ ದಿನಕ್ಕೆ ಹದಿನಾಲ್ಕು ಗಂಟೆಗಿಂತ ಹೆಚ್ಚು ಎಲ್‌ಇಡಿ ದೀಪ ಉರಿಯುತ್ತದೆ. ಕಿಟಕಿಯ ಬೆಳಕನ್ನೇ ನಂಬಿದರೆ ಸಸಿಗಳು ಬಿಳುಚಿಕೊಂಡು ಉದ್ದವಾಗಿ ಬಳುಕುತ್ತವೆ. ನಿಜವಾದ ಶತ್ರು ಬುಡ ಕೊಳೆ. ಸಂಜೆ ನೆಟ್ಟಗಿದ್ದ ಸಸಿ ಬೆಳಗಾಗುವಷ್ಟರಲ್ಲಿ ಮಣ್ಣಿನ ಮಟ್ಟದಲ್ಲಿ ಕಂದಿ, ಸಣಕಲಾಗಿ, ಅಡ್ಡ ಬಿದ್ದಿರುತ್ತದೆ. ಎಲೆ ಮಾತ್ರ ಇನ್ನೂ ಹಸಿರು. ಶಿಲೀಂಧ್ರದ ಕೆಲಸ ಇದು, ಬಿದ್ದದ್ದು ಮತ್ತೆ ಏಳುವುದಿಲ್ಲ. ಹಳೆಯ ಟ್ರೇ ಚೆನ್ನಾಗಿ ತೊಳೆದು ಬಳಸುವುದು, ಮೇಲಿನಿಂದ ನೀರು ಚಿಮುಕಿಸದೆ ತಟ್ಟೆಯಲ್ಲಿ ನೀರಿಟ್ಟು ಕೆಳಗಿನಿಂದ ಹೀರಿಕೊಳ್ಳಲು ಬಿಡುವುದು, ಸಣ್ಣ ಫ್ಯಾನ್ ಒಂದನ್ನು ತಿರುಗಿಸುವುದು. ಇಷ್ಟು ಮಾಡಿದರೆ ಬಹುಪಾಲು ಉಳಿಯುತ್ತವೆ.

ವಿಡಿಯೊ ಕರೆಯಲ್ಲಿ ಟ್ರೇ ತೋರಿಸಿದರೆ ಚಿಕ್ಕಪ್ಪನದು ಒಂದೇ ಪ್ರಶ್ನೆ: "ಕುಡಿ ಚಿವುಟಿದೆಯೇನಮ್ಮ?" ಇಲ್ಲಿನ ಪುಸ್ತಕಗಳೂ ಅದನ್ನೇ ಹೇಳುತ್ತವೆ. ನಾಲ್ಕಾರು ಎಲೆ ಬಂದ ಮೇಲೆ ತುದಿ ಚಿವುಟಿದರೆ ಗಿಡ ಕವಲೊಡೆದು ಪೊದೆಯಾಗುತ್ತದೆ. ಅಷ್ಟು ಚೆನ್ನಾಗಿರುವ ಸಸಿಯ ತಲೆಯನ್ನು ಉಗುರಿನಿಂದ ಕತ್ತರಿಸಲು ನನಗೆ ಈಗಲೂ ಮನಸ್ಸು ಬರುವುದಿಲ್ಲ, ಚಿಕ್ಕಪ್ಪನ ಹೆದರಿಕೆಗೆ ಚಿವುಟುತ್ತೇನೆ. ಮೇ ಬಂದ ಮೇಲೆ ವಾರ, ಹತ್ತು ದಿನ ಟ್ರೇಗಳನ್ನು ಹೊರಗಿಟ್ಟು ಒಳಗೆ ತರುವ ಮೆರವಣಿಗೆ. ಮೊದಲ ದಿನ ಒಂದು ಗಂಟೆ ನೆರಳಿನಲ್ಲಿ, ಆಮೇಲೆ ಸ್ವಲ್ಪ ಸ್ವಲ್ಪವೇ ಬಿಸಿಲು, ಗಾಳಿ. ದೀಪದ ಕೆಳಗೆ ಬೆಳೆದ ಎಲೆ ನೇರ ಬಿಸಿಲಿಗೆ ಬಿದ್ದರೆ ಬೆಳ್ಳಗೆ ಸುಟ್ಟುಹೋಗುತ್ತದೆ.

ಈ ಬೇಸಿಗೆಗೆ ಮಕ್ಕಳನ್ನು ನೋಡಲು ಅಮೆರಿಕಕ್ಕೆ ಹೊರಟಿರುವ ತಂದೆತಾಯಿಯರಿಗೆ ಒಂದು ಮಾತು. ಮಗಳು ಗಿಡ ಬೆಳೆಸುತ್ತಾಳೆಂದು ಸೀರೆಯ ಮಡಿಕೆಯೊಳಗೆ ಚೆಂಡುಹೂವಿನ ಬೀಜ, ಕನಕಾಂಬರದ ಬೀಜ ಕಟ್ಟಿಕೊಂಡು ಬರಬೇಡಿ. ಬಿತ್ತುವ ಬೀಜಕ್ಕೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು, ಇಲ್ಲದಿದ್ದರೆ ವಿಮಾನ ನಿಲ್ದಾಣದಲ್ಲೇ ಕಿತ್ತುಕೊಳ್ಳುತ್ತಾರೆ, ಮುಚ್ಚಿಟ್ಟಿದ್ದರೆ ದಂಡವೂ ಬೀಳಬಹುದು. ಕರಿಬೇವಿನ ಸೊಪ್ಪಿಗೂ ಪ್ರವೇಶವಿಲ್ಲ. ಆ ಜಾಗದಲ್ಲಿ ಇನ್ನೊಂದು ಕಿಲೋ ಹುಳಿಪುಡಿ ಹಿಡಿಯುತ್ತದೆ.